ಹಳೆಯ ಬಿಟ್‌ಕಾಯಿನ್ ನೋಡ್ ಇನ್ನೂ ಓಡುತ್ತಿದೆ, ಹಳೆಯ ಗೆತ್ ನಿಂತುಹೋಗಿದೆ: ಇವುಗಳಲ್ಲಿ ಯಾವುದನ್ನು ಹೊಂದಾಣಿಕೆ ಎನ್ನಬೇಕು?

ಪ್ರಶ್ನೆ: ಬದಿಯಡ್ಕದ ಉಪನ್ಯಾಸಕ

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಸುವವನು ನಾನು. ನಮ್ಮ ಪ್ರಯೋಗಾಲಯದಲ್ಲಿ ಪಾಠಕ್ಕೆಂದೇ ಉಳಿಸಿಕೊಂಡ ಎರಡು ಹಳೆಯ ಯಂತ್ರಗಳಿವೆ. ಎರಡೂ ನೋಡ್‌ಗಳು, ಅಂದರೆ ಡಿಜಿಟಲ್ ಹಣದ ಜಾಲಕ್ಕೆ ಸೇರಿ ಅದರ ವಹಿವಾಟಿನ ದಾಖಲೆಯನ್ನು ತಾವೇ ಪರಿಶೀಲಿಸಿ ಇಟ್ಟುಕೊಳ್ಳುವ ಯಂತ್ರಗಳು. ಒಂದರಲ್ಲಿ ಬಿಟ್‌ಕಾಯಿನ್ ಜಾಲದ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್ 0.12.1 ಇದೆ, ಅದನ್ನು ನನಗಿಂತ ಮೊದಲು ಇಲ್ಲಿದ್ದವರು 2016ರಲ್ಲಿ ಹಾಕಿದರು, ಆಮೇಲೆ ಯಾರೂ ಮುಟ್ಟಲಿಲ್ಲ. ಇನ್ನೊಂದರಲ್ಲಿ ಇಥೀರಿಯಂ ಜಾಲದ ತಂತ್ರಾಂಶವಾದ ಗೆತ್ ಇದೆ. ಅದು 2021ರ ಎಪ್ರಿಲ್‌ನದ್ದು. ಮಳೆಗಾಲದಲ್ಲಿ ಕರೆಂಟು ಹೋದಾಗ ಎರಡೂ ನಿಲ್ಲುತ್ತವೆ, ಬಂದಾಗ ತಾವಾಗಿಯೇ ಮತ್ತೆ ಶುರುವಾಗುತ್ತವೆ. ಹೀಗೆ ವರ್ಷಗಳು ಕಳೆದಿವೆ.

ನನ್ನ ಗೊಂದಲ ಇಲ್ಲಿದೆ. ಬಿಟ್‌ಕಾಯಿನ್ ನೋಡ್ ಇವತ್ತಿಗೂ ಸರಪಳಿಯ, ಅಂದರೆ ವಹಿವಾಟುಗಳ ಕಂತೆಗಳಾದ ಬ್ಲಾಕ್‌ಗಳನ್ನು ಒಂದರ ಹಿಂದೊಂದು ಜೋಡಿಸಿದ ದಾಖಲೆಯ, ತುದಿಯವರೆಗೆ ಬರುತ್ತಿದೆ. ಅದು ತೋರಿಸುವ ಬ್ಲಾಕ್ ಹ್ಯಾಶ್‌ಗಳನ್ನು (ಬ್ಲಾಕ್‌ನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತುಗಳನ್ನು) ಸಾರ್ವಜನಿಕ ಎಕ್ಸ್‌ಪ್ಲೋರರ್, ಅಂದರೆ ಸರಪಳಿಯನ್ನು ತೋರಿಸುವ ಜಾಲತಾಣದ, ಜತೆ ಹೋಲಿಸಿದರೆ ಒಂದಕ್ಷರವೂ ವ್ಯತ್ಯಾಸವಿಲ್ಲ. ಆದರೆ ಗೆತ್ ಮಾತ್ರ 12,964,999ನೇ ಬ್ಲಾಕ್‌ನಲ್ಲಿ ನಿಂತಿದ್ದು, ಈಗ ಅದಕ್ಕೆ ಜತೆಗಾರ ನೋಡ್‌ಗಳೇ ಸಿಗುತ್ತಿಲ್ಲ. ಎರಡು ಜಾಲಗಳಲ್ಲಿಯೂ ಈ ಅವಧಿಯಲ್ಲಿ ದೊಡ್ಡ ಬದಲಾವಣೆಗಳು ಬಂದಿವೆಯೆಂದು ಓದಿದ್ದೇನೆ. ಒಂದು ಹಳೆಯ ತಂತ್ರಾಂಶ ಅವನ್ನೆಲ್ಲ ಹೇಗೆ ದಾಟಿತು, ಇನ್ನೊಂದೇಕೆ ದಾಟಲಿಲ್ಲ?

ಇದರ ಮೇಲೆ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಕೊಡಲಾಗಲಿಲ್ಲ. ಹಳೆಯ ನೋಡ್‌ನಲ್ಲಿ ಇತ್ತೀಚಿನ ಬ್ಲಾಕ್ ಒಂದನ್ನು ಬಿಡಿಸಿ ನೋಡುವಾಗ ಎರಡು ಸಂಗತಿಗಳು ಅವಳ ಕಣ್ಣಿಗೆ ಬಿದ್ದವು. ಎಕ್ಸ್‌ಪ್ಲೋರರ್ ಆ ಬ್ಲಾಕ್‌ನ ಗಾತ್ರವನ್ನು ಒಂದೂವರೆ ಎಂಬಿಗಿಂತ ಹೆಚ್ಚೆಂದು ತೋರಿಸುತ್ತದೆ, ನಮ್ಮ ನೋಡ್ ಅದೇ ಬ್ಲಾಕ್ ಒಂದು ಎಂಬಿಯೊಳಗೆ ಇದೆಯೆನ್ನುತ್ತದೆ. ಎರಡನೆಯದಾಗಿ, ಬಹಳಷ್ಟು ವಹಿವಾಟುಗಳಲ್ಲಿ ಸಹಿ ಇರಬೇಕಾದ ಜಾಗ ಖಾಲಿಯಿದೆ. "ಸಹಿಯಿಲ್ಲದೆ ಹಣ ಖರ್ಚಾಗುತ್ತಿದೆ, ನಮ್ಮ ನೋಡ್ ಅದನ್ನು ಸರಿಯೆಂದು ಒಪ್ಪುತ್ತಿದೆ, ಹಾಗಾದರೆ ಇದು ಪರಿಶೀಲಿಸುತ್ತಿರುವುದು ಏನನ್ನು?" ಎಂದು ಅವಳು ಕೇಳಿದಳು.

ಆದುದರಿಂದ ತಿಳಿದವರಲ್ಲಿ ನನ್ನ ವಿನಂತಿ: ಈ ಎರಡು ನಡವಳಿಕೆಗಳ ಕಾರಣವನ್ನು ವಿವರಿಸಿ, ಹಳೆಯ ನೋಡ್ ಹೇಳುವುದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತಿಳಿಸಿ, ಮತ್ತು ಈಗಿರುವ ದತ್ತಾಂಶದ ಮೇಲೆಯೇ ಹೊಸ ಆವೃತ್ತಿಯನ್ನು ಹಾಕಬಹುದೇ ಎಂಬುದನ್ನೂ ಹೇಳಿ.

ಉತ್ತರ: ಹೊಸೂರಿನವನು

ಉಪನ್ಯಾಸಕರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲದರ ಕೀಲಿ ಅಲ್ಲಿದೆ.

ನಿಮ್ಮ ನೋಡ್ ಒಂದು ಬ್ಲಾಕನ್ನು ಒಪ್ಪುವುದು ತನಗೆ ಗೊತ್ತಿರುವ ನಿಯಮಗಳನ್ನು ಅದು ಮುರಿದಿಲ್ಲ ಎಂಬ ಕಾರಣಕ್ಕೆ. 0.12.1ಕ್ಕೆ ಗೊತ್ತಿರುವುದು 2016ರ ನಿಯಮಗಳು. ಆಮೇಲೆ ಬಂದ ಎರಡು ದೊಡ್ಡ ಬದಲಾವಣೆಗಳು, ಅಂದರೆ 2017ರ ಆಗಸ್ಟ್ 24ರಂದು 481,824ನೇ ಬ್ಲಾಕ್‌ನಿಂದ ಜಾರಿಗೆ ಬಂದ ಸೆಗ್‌ವಿಟ್ ಮತ್ತು 2021ರ ನವೆಂಬರ್ 14ರಂದು 709,632ನೇ ಬ್ಲಾಕ್‌ನಿಂದ ಜಾರಿಗೆ ಬಂದ ಟ್ಯಾಪ್‌ರೂಟ್, ಹಳೆಯ ನಿಯಮಗಳಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಮೊದಲು ಸರಿಯೆನಿಸುತ್ತಿದ್ದ ಕೆಲವನ್ನು ಇನ್ನು ಮುಂದೆ ತಪ್ಪೆಂದು ಎಣಿಸಿದವು, ಅಷ್ಟೇ. ಹೊಸ ನಿಯಮದಂತೆ ಸರಿಯಾದ ಪ್ರತಿಯೊಂದು ಬ್ಲಾಕ್ ಹಳೆಯ ನಿಯಮದಂತೆಯೂ ಸರಿಯೇ ಆಗಿರುತ್ತದೆ. ಹೀಗೆ ಬಿಗಿಗೊಳಿಸುವ ಬದಲಾವಣೆಗೆ ಸಾಫ್ಟ್ ಫೋರ್ಕ್ ಎನ್ನುತ್ತಾರೆ. ಹಳೆಯ ನಿಯಮ ತಿರಸ್ಕರಿಸುತ್ತಿದ್ದುದನ್ನು ಒಪ್ಪಿಕೊಳ್ಳುವ ಬದಲಾವಣೆ ಹಾರ್ಡ್ ಫೋರ್ಕ್. ಅದನ್ನು ಹಳೆಯ ನೋಡ್ ದಾಟಲಾರದು.

ಸಹಿ ಖಾಲಿಯಿರುವ ಬಗೆಯನ್ನು ನೋಡೋಣ. ಸೆಗ್‌ವಿಟ್ ಬಗೆಯ ಉತ್ಪನ್ನದಲ್ಲಿ, ಅಂದರೆ ಹಣವನ್ನು ಬೀಗ ಹಾಕಿಟ್ಟ ಸಾಲಿನಲ್ಲಿ, ಒಂದು ಸೊನ್ನೆ ಮತ್ತು ಅದರ ಹಿಂದೆ 20 ಅಥವಾ 32 ಬೈಟ್‌ಗಳ ಒಂದು ಹ್ಯಾಶ್ ಮಾತ್ರ ಇರುತ್ತದೆ. ಬೀಗದ ಷರತ್ತನ್ನು ಓದಿ ನಡೆಸುವ ಹಳೆಯ ಸ್ಕ್ರಿಪ್ಟ್ ಯಂತ್ರ ಇವೆರಡನ್ನೂ ಸ್ಟ್ಯಾಕ್‌ಗೆ, ಅಂದರೆ ಒಂದರ ಮೇಲೊಂದು ಪೇರಿಸುವ ರಾಶಿಗೆ, ಹಾಕಿ, ಮೇಲಿರುವ ಮೌಲ್ಯ ಸೊನ್ನೆಯಲ್ಲವೆಂದು ಕಂಡು, "ಸರಿ" ಎನ್ನುತ್ತದೆ. ಅದರ ಕಣ್ಣಿಗೆ ಅದು ಯಾರು ಬೇಕಾದರೂ ಖರ್ಚು ಮಾಡಬಹುದಾದ ಹಣ. ಹೊಸ ನೋಡ್‌ಗೆ ಅದೇ ಸಾಲು ಬೇರೆ ಅರ್ಥ ಕೊಡುತ್ತದೆ: ಈ ಹ್ಯಾಶ್‌ಗೆ ಹೊಂದುವ ಕೀಲಿಯ ಸಹಿ, ಸಾಕ್ಷ್ಯ ಎಂಬ ಪ್ರತ್ಯೇಕ ಭಾಗದಲ್ಲಿ ಇರಲೇಬೇಕು. ಆ ಸಾಕ್ಷ್ಯದ ಭಾಗ ವಹಿವಾಟಿನ ಗುರುತುಸಂಖ್ಯೆಯ ಲೆಕ್ಕಕ್ಕೆ ಸೇರುವುದಿಲ್ಲ. ಹೊಸ ನೋಡ್‌ಗಳು ನಿಮ್ಮಂಥ ಹಳೆಯ ನೋಡ್‌ಗೆ ಬ್ಲಾಕ್ ಕಳಿಸುವಾಗ ಅದನ್ನು ಕಿತ್ತು ಕಳಿಸುತ್ತವೆ. ಆದುದರಿಂದಲೇ ನಿಮಗೆ ಗಾತ್ರ ಚಿಕ್ಕದಾಗಿ ಕಾಣುವುದು. ಕಿತ್ತ ಮೇಲೆ ಉಳಿಯುವುದು ಹಳೆಯ ಹತ್ತು ಲಕ್ಷ ಬೈಟ್‌ಗಳ ಮಿತಿಯೊಳಗೇ ಇರುವಂತೆ, ಸಾಕ್ಷ್ಯಕ್ಕೆ ಕಡಿಮೆ ತೂಕ ಕೊಟ್ಟು ಎಣಿಸುವ 40 ಲಕ್ಷ ತೂಕಮಾನದ ಹೊಸ ಮಿತಿಯನ್ನು ಲೆಕ್ಕ ಹಾಕಿ ಇಡಲಾಗಿದೆ. ಸಾಕ್ಷ್ಯಗಳೆಲ್ಲದರ ಹ್ಯಾಶ್ ಮೊದಲ ವಹಿವಾಟಿನ, ಅಂದರೆ ಕಾಯಿನ್‌ಬೇಸ್‌ನ, ಒಂದು ಉತ್ಪನ್ನದಲ್ಲಿ ಅಡಗಿರುತ್ತದೆ; ಹಳೆಯ ನೋಡ್ ಅದನ್ನು ಅರ್ಥವಿಲ್ಲದ ದತ್ತಾಂಶವೆಂದು ಬಿಟ್ಟು ಮುಂದೆ ಹೋಗುತ್ತದೆ.

ಕನ್ನಡ ಓದಲು ಬಾರದ ಗುಮಾಸ್ತರ ಮುಂದೆ ನಮ್ಮವರು ಕನ್ನಡದಲ್ಲಿ ಬರೆದ ಅರ್ಜಿ ಇಟ್ಟಾಗ, ಅವರು ಮೊಹರು ಮತ್ತು ಮುದ್ರಾಂಕವನ್ನಷ್ಟೇ ನೋಡಿ ಮುಂದಿನ ಮೇಜಿಗೆ ಕಳಿಸಿದ್ದು ನಿಮ್ಮೂರಿನಲ್ಲಿ ಹಲವರಿಗೆ ಗೊತ್ತಿರುವ ಸಂಗತಿ. ಅರ್ಜಿ ತಿರಸ್ಕೃತವಾಗುವುದಿಲ್ಲ, ಆದರೆ ಆ ಮೇಜಿನಲ್ಲಿ ಅದು ಪರಿಶೀಲಿತವೂ ಆಗಿರುವುದಿಲ್ಲ. ನಿಮ್ಮ 0.12.1 ಈಗ ಆ ಸ್ಥಿತಿಯಲ್ಲಿದೆ. ಹಣದ ಮೊತ್ತ, ಒಂದೇ ಹಣ ಎರಡು ಸಲ ಖರ್ಚಾಗದಿರುವುದು, ಮೈನಿಂಗ್‌ನ (ಭಾರಿ ಲೆಕ್ಕ ಮಾಡಿ ಹೊಸ ಬ್ಲಾಕ್ ಕಟ್ಟುವ ಕೆಲಸದ) ಶ್ರಮದ ಪುರಾವೆ, ಹಳೆಯ ಬಗೆಯ ಸಹಿಗಳು, ಇವೆಲ್ಲವನ್ನೂ ಅದು ನಿಜವಾಗಿಯೇ ಪರಿಶೀಲಿಸುತ್ತದೆ. ಸೆಗ್‌ವಿಟ್ ಮತ್ತು ಟ್ಯಾಪ್‌ರೂಟ್ ಸಹಿಗಳನ್ನು ಮಾತ್ರ ನೋಡುವುದೇ ಇಲ್ಲ.

ಇನ್ನು ಗೆತ್. ಅದು ನಿಂತಿರುವ ಜಾಗವೇ ಕಾರಣವನ್ನು ಹೇಳುತ್ತದೆ. 12,965,000ನೇ ಬ್ಲಾಕ್‌ನಲ್ಲಿ, 2021ರ ಆಗಸ್ಟ್ 5ರಂದು, ಲಂಡನ್ ಎಂಬ ಹೆಸರಿನ ಹಾರ್ಡ್ ಫೋರ್ಕ್ ನಡೆಯಿತು. ಅಂದಿನಿಂದ ಬ್ಲಾಕ್‌ನ ಸಾರಾಂಶವಾದ ತಲೆಬರಹದಲ್ಲಿ (ಹೆಡರ್) ಮೂಲಶುಲ್ಕ ಎಂಬ ಹೊಸ ಅಂಕಣ ಸೇರಿತು, ಶುಲ್ಕದ ಒಂದು ಭಾಗ ಸುಟ್ಟುಹೋಗತೊಡಗಿತು. ನಿಮ್ಮ ಎಪ್ರಿಲ್‌ನ ಗೆತ್‌ಗೆ ಅಂಥ ತಲೆಬರಹವನ್ನು ಒಪ್ಪುವ ದಾರಿಯೇ ಇಲ್ಲ. ಜತೆಗಾರರು ಸಿಗದಿರುವುದು ಇದರ ಮುಂದುವರಿಕೆ. ಇಐಪಿ 2124 ಎಂಬ ಸುಧಾರಣಾ ಪ್ರಸ್ತಾವದ ಪ್ರಕಾರ ಇಥೀರಿಯಂ ನೋಡ್‌ಗಳು ಪರಸ್ಪರ ಪರಿಚಯ ಮಾಡಿಕೊಳ್ಳುವಾಗಲೇ ತಾವು ಯಾವ ಯಾವ ಫೋರ್ಕ್‌ಗಳನ್ನು ದಾಟಿದ್ದೇವೆ, ಮುಂದಿನದು ಯಾವುದೆಂದು ಬಲ್ಲೆವು ಎಂಬುದನ್ನು ಒಂದು ಚಿಕ್ಕ ಸಂಖ್ಯೆಯಾಗಿ ಹೇಳಿಕೊಳ್ಳುತ್ತವೆ. ನಿಮ್ಮದು ಲಂಡನ್‌ಗಿಂತ ಹಿಂದಿನ ಫೋರ್ಕ್ ಆದ ಬರ್ಲಿನ್‌ವರೆಗಿನ ಗುರುತು ಹೇಳಿ, ಮುಂದೆ ಯಾವುದೂ ಇಲ್ಲವೆನ್ನುತ್ತದೆ. ಅದು ಹಳತಾಗಿದೆಯೆಂದು ಎದುರಿನವರಿಗೆ ಕೂಡಲೇ ತಿಳಿದು ಸಂಪರ್ಕ ಕಡಿದುಕೊಳ್ಳುತ್ತಾರೆ. ಇದನ್ನು ದೋಷವೆಂದು ಭಾವಿಸಬೇಡಿ. ವ್ಯರ್ಥವಾಗಿ ಜತೆಗಾರರ ಜಾಗ ತುಂಬದಿರಲೆಂದು ಬೇಕೆಂದೇ ಮಾಡಿದ ಏರ್ಪಾಡು ಅದು.

ನನ್ನ ಅಭಿಪ್ರಾಯ ಕೇಳಿದರೆ, ಎರಡರಲ್ಲಿ ಬಿಟ್‌ಕಾಯಿನ್‌ನ ದಾರಿಯೇ ಮೇಲು. ಯಾರನ್ನೂ ಜಾಲದಿಂದ ಹೊರಗೆ ತಳ್ಳದೆ ಬದಲಾವಣೆ ತರಲಾಗಿದೆ. ಸರ್ವರ್ ಕೊಠಡಿಯ ಕೆಲಸದಲ್ಲಿರುವ ನನಗೆ ಅದರ ಬೆಲೆ ಗೊತ್ತು.

ಉತ್ತರ: ಅಕ್ಕಲಕೋಟೆಯಿಂದ

ಗುರುಗಳೇ, ಹೊಸೂರಿನವರ ವಿವರಣೆಗೆ ನನ್ನ ತಕರಾರಿಲ್ಲ. ಅವರ ಕೊನೆಯ ಅಭಿಪ್ರಾಯಕ್ಕೆ ಇದೆ.

ನಿಂತುಹೋದ ಗೆತ್ ನಿಮಗೆ ಒಂದು ಸತ್ಯವನ್ನು ಹೇಳುತ್ತಿದೆ: "ನನಗೆ ಇಲ್ಲಿಂದ ಮುಂದೆ ತಿಳಿಯದು." ಓಡುತ್ತಿರುವ 0.12.1 ಆ ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಅಪರಿಚಿತ ಆವೃತ್ತಿಯ ಬ್ಲಾಕ್‌ಗಳು ಬರುತ್ತಿವೆ, ಅಪರಿಚಿತ ನಿಯಮಗಳು ಜಾರಿಯಲ್ಲಿರಬಹುದು ಎಂಬ ಎಚ್ಚರಿಕೆಯನ್ನು ಅದು ಲಾಗ್ ಕಡತದಲ್ಲಿ ಬರೆಯುತ್ತದೆಂಬುದು ನಿಜ. ಆದರೆ ಮೈನಿಂಗ್ ಯಂತ್ರಗಳು ಲೆಕ್ಕ ಉಳಿಸಲು ಆವೃತ್ತಿ ಸಂಖ್ಯೆಯ ಬಿಟ್‌ಗಳನ್ನೇ ಅದಲುಬದಲು ಮಾಡುವ ಏಸಿಕ್‌ಬೂಸ್ಟ್ ತಂತ್ರ ಬಂದ ಮೇಲೆ, ಹೊಸ ನಿಯಮ ಇರಲಿ ಇಲ್ಲದಿರಲಿ ಆ ಎಚ್ಚರಿಕೆ ಬರುತ್ತಲೇ ಇರುತ್ತದೆ. ಸದಾ ಕೂಗುವ ಎಚ್ಚರಿಕೆಯನ್ನು ಯಾರು ತಾನೆ ಕೇಳುತ್ತಾರೆ?

ಹಳೆಯ ನೋಡ್ ಸಾಫ್ಟ್ ಫೋರ್ಕ್ ದಾಟಿತೆಂದರೆ, ಹೊಸ ನಿಯಮವನ್ನು ಮೈನರ್‌ಗಳ ಬಹುಪಾಲು ಶಕ್ತಿ ಪಾಲಿಸುತ್ತಿದೆಯೆಂಬ ನಂಬಿಕೆಯ ಮೇಲೆ ಅದು ಕುಳಿತಿದೆ ಎಂದರ್ಥ. ಈ ನಂಬಿಕೆ ಒಮ್ಮೆ ಹುಸಿಯಾಗಿದೆ. 2015ರ ಜುಲೈಯಲ್ಲಿ ಬಿಐಪಿ 66 ಎಂಬ ಬಿಟ್‌ಕಾಯಿನ್ ಸುಧಾರಣಾ ಪ್ರಸ್ತಾವ ಜಾರಿಗೆ ಬಂತು. ಸಹಿಯ ಬರಹರೂಪವನ್ನು ಬಿಗಿಗೊಳಿಸುವ ಚಿಕ್ಕ ಸಾಫ್ಟ್ ಫೋರ್ಕ್ ಅದು. ಹಿಂದಿನ 1,000 ಬ್ಲಾಕ್‌ಗಳಲ್ಲಿ 950 ಬ್ಲಾಕ್‌ಗಳು ಸಿದ್ಧತೆಯ ಸೂಚನೆ ಕೊಟ್ಟ ಮೇಲೆಯೇ ನಿಯಮ ಕಡ್ಡಾಯವಾಯಿತು. ಆದರೆ ಸೂಚನೆ ಕೊಟ್ಟ ಮೈನರ್‌ಗಳಲ್ಲಿ ಕೆಲವರು, ಸಮಯ ಉಳಿಸಲು, ಬೇರೆಯವರ ಬ್ಲಾಕನ್ನು ಪೂರ್ತಿ ಪರಿಶೀಲಿಸದೆ ಅದರ ತಲೆಬರಹದ ಮೇಲೆಯೇ ಮುಂದಿನ ಬ್ಲಾಕ್ ಕಟ್ಟುತ್ತಿದ್ದರು. ಜುಲೈ 4ರಂದು ಹಳೆಯ ತಂತ್ರಾಂಶದ ಮೈನರ್ ಒಬ್ಬರು ಹೊಸ ನಿಯಮದಂತೆ ಅಮಾನ್ಯವಾದ ಬ್ಲಾಕ್ ಹೊರಡಿಸಿದಾಗ, ಅದರ ಮೇಲೆ ಇವರು ಕಟ್ಟುತ್ತ ಹೋಗಿ, ಆರು ಬ್ಲಾಕ್‌ಗಳ ಅಮಾನ್ಯ ಕವಲೊಂದು ಬೆಳೆಯಿತು. ಹೊಸ ನೋಡ್‌ಗಳು ಮೊದಲ ಬ್ಲಾಕನ್ನೇ ತಿರಸ್ಕರಿಸಿದ್ದವು. ಹಳೆಯ ನೋಡ್‌ಗಳು ಮತ್ತು ತಲೆಬರಹವನ್ನಷ್ಟೇ ನೋಡುವ ಹಗುರ ವ್ಯಾಲೆಟ್‌ಗಳು (ಹಣದ ಕೀಲಿ ಇಡುವ ತಂತ್ರಾಂಶಗಳು) ಆ ಕವಲನ್ನೇ ನಿಜವೆಂದು ತೋರಿಸಿದವು. ಅಂಥವರು ಮಾಮೂಲಿಗಿಂತ 30 ದೃಢೀಕರಣ (ವಹಿವಾಟಿನ ಮೇಲೆ ಕಟ್ಟಲಾಗುವ ಬ್ಲಾಕ್‌ಗಳು) ಹೆಚ್ಚು ಕಾಯಬೇಕೆಂದು ಆಗ ಎಚ್ಚರಿಕೆ ಕೊಡಲಾಯಿತು. ಆರು ದೃಢೀಕರಣ ಸಾಕೆಂದು ನಂಬಿ ಸರಕು ಕೊಟ್ಟ ವ್ಯಾಪಾರಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಹಿಂದಕ್ಕೆ ಹೊಂದುತ್ತದೆಯೆಂದು ಹೇಳಲಾದ ಬದಲಾವಣೆಯಲ್ಲಿಯೇ ಇದೆಲ್ಲ ನಡೆಯಿತು.

ಇದಕ್ಕಿಂತ ಪಾಠಕ್ಕೆ ಹೆಚ್ಚು ಒದಗುವುದು 2013ರ ಮಾರ್ಚ್‌ನ ಘಟನೆ. ಅಲ್ಲಿ ಯಾರೂ ನಿಯಮ ಬದಲಿಸಲು ಹೊರಟಿರಲಿಲ್ಲ. ಬಿಟ್‌ಕಾಯಿನ್‌ನ 0.8 ಆವೃತ್ತಿಯಲ್ಲಿ ದತ್ತಾಂಶ ಸಂಗ್ರಹಕ್ಕೆ ಬರ್ಕ್ಲಿ ಡಿಬಿಯ ಬದಲು ಲೆವೆಲ್ ಡಿಬಿ ಬಳಸಿದರು. ವೇಗಕ್ಕಾಗಿ ಮಾಡಿದ ಒಳಗಿನ ಬದಲಾವಣೆ ಅದು. ಹಳೆಯ ಬರ್ಕ್ಲಿ ಡಿಬಿಗೆ ಏಕಕಾಲಕ್ಕೆ ಹಿಡಿಯಬಹುದಾದ ಬೀಗಗಳ (ದತ್ತಾಂಶದ ತುಣುಕನ್ನು ಕಾಯ್ದಿಡುವ ಲಾಕ್‌ಗಳ) ಸಂಖ್ಯೆಗೆ ಒಂದು ಮಿತಿ ಇತ್ತು. ಆ ಮಿತಿ ಯಾವ ನಿಯಮಪತ್ರದಲ್ಲಿಯೂ ಇರಲಿಲ್ಲ, ಬರೆದವರಿಗೂ ಅದರ ಪರಿಣಾಮದ ಅರಿವಿರಲಿಲ್ಲ. 225,430ನೇ ಬ್ಲಾಕ್‌ನಲ್ಲಿ ವಹಿವಾಟುಗಳ ಒಳಬರುವ ಸಾಲುಗಳು, ಅಂದರೆ ಖರ್ಚಾಗುತ್ತಿರುವ ಹಣದ ಉಲ್ಲೇಖಗಳು, ಮೊದಲಿಗಿಂತ ಹೆಚ್ಚಾಗಿದ್ದವು. 0.8 ನೋಡ್‌ಗಳು ಅದನ್ನು ಸಲೀಸಾಗಿ ನುಂಗಿದವು, ಹಳೆಯ ನೋಡ್‌ಗಳಲ್ಲಿ ಹಲವು ಬೀಗ ಸಾಲದೆ ತಿರಸ್ಕರಿಸಿದವು, ಜಾಲ ಎರಡಾಗಿ ಒಡೆಯಿತು. ಹೆಚ್ಚಿನ ಮೈನಿಂಗ್ ಶಕ್ತಿ ಇದ್ದುದು ಹೊಸ ಕವಲಿನಲ್ಲಿ. ಆದರೂ ಗೆದ್ದದ್ದು ಹಳೆಯ ಕವಲು. ಹಳೆಯ ಆವೃತ್ತಿಯವರು ಹೊಸ ಕವಲನ್ನು ಎಂದಿಗೂ ಒಪ್ಪಲಾರರು, ಹೊಸಬರಿಗೆ ಎರಡೂ ಸಲ್ಲುತ್ತವೆ ಎಂಬ ಕಾರಣಕ್ಕೆ, ದೊಡ್ಡ ಮೈನಿಂಗ್ ಗುಂಪುಗಳನ್ನು 0.7ಕ್ಕೆ ಹಿಂದಿರುಗುವಂತೆ ಕೇಳಿಕೊಂಡರು; ಅವು ತಮ್ಮ ಗಳಿಕೆಯನ್ನು ಬಿಟ್ಟು ಹಿಂದಿರುಗಿದವು. 24 ಬ್ಲಾಕ್‌ಗಳಷ್ಟು ಉದ್ದದ ಹೊಸ ಕವಲು ಅನಾಥವಾಯಿತು. ಆ ಗಂಟೆಗಳಲ್ಲಿ ದೊಡ್ಡ ಮೊತ್ತದ ಒಂದು ಇಮ್ಮಡಿ ಖರ್ಚೂ ನಡೆದುಹೋಯಿತು.

ನಿಯಮವೆಂದರೆ ಬರೆದಿಟ್ಟದ್ದಲ್ಲ, ಓಡುತ್ತಿರುವ ತಂತ್ರಾಂಶ ಏನು ಮಾಡುತ್ತದೆಯೋ ಅದು ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಇಥೀರಿಯಂ ಇದರಿಂದ ಪಾರಾಗಿಲ್ಲ: 2020ರ ನವೆಂಬರ್ 11ರಂದು ಹಳೆಯ ಗೆತ್ ಮತ್ತು ಹೊಸ ಗೆತ್ ಒಂದೇ ವಹಿವಾಟಿಗೆ ಬೇರೆ ಬೇರೆ ಉತ್ತರ ಕೊಟ್ಟು, ಹಳೆಯದನ್ನು ಓಡಿಸುತ್ತಿದ್ದ, ಬೇರೆಯವರಿಗಾಗಿ ನೋಡ್‌ಗಳನ್ನು ನಡೆಸುವ ಇನ್‌ಫ್ಯೂರಾ ಸೇವೆ ಕೆಲವು ಗಂಟೆ ನಿಂತುಹೋಯಿತು. ಅದನ್ನು ನಂಬಿಕೊಂಡಿದ್ದ ಅನೇಕ ವ್ಯಾಲೆಟ್‌ಗಳೂ ವಿನಿಮಯ ಕೇಂದ್ರಗಳೂ ತೊಂದರೆಗೊಳಗಾದವು. ಆ ದೋಷವನ್ನು ಹೊಸ ಆವೃತ್ತಿಯಲ್ಲಿ ಸದ್ದಿಲ್ಲದೆ ಸರಿಪಡಿಸಿದ್ದರು. ಸರಿಪಡಿಸಿದ್ದೇ ಒಂದು ಅಘೋಷಿತ ಹಾರ್ಡ್ ಫೋರ್ಕ್ ಆಗಿಬಿಟ್ಟಿತು.

ಆದುದರಿಂದ ಹೊಂದಾಣಿಕೆ ಇದೆಯೇ ಎಂದು ಕೇಳುವಾಗ, ಸಂಪರ್ಕ ಉಳಿಯುತ್ತದೆಯೇ ಎಂಬುದು ಒಂದು ಪ್ರಶ್ನೆ, ತೀರ್ಪು ನಂಬಲರ್ಹವೇ ಎಂಬುದು ಬೇರೆಯದೇ ಪ್ರಶ್ನೆ. ಹೊಸೂರಿನವರ ಮೆಚ್ಚುಗೆ ಮೊದಲನೆಯದಕ್ಕೆ ಸಲ್ಲುತ್ತದೆ. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಎರಡನೆಯದನ್ನು.

ಪ್ರಶ್ನೆ ಕೇಳಿದವರಿಂದ: ಬದಿಯಡ್ಕದ ಉಪನ್ಯಾಸಕ

ಇಬ್ಬರಿಗೂ ವಂದನೆಗಳು. ಲಾಗ್ ತೆಗೆದು ನೋಡಿದೆ. ಅಕ್ಕಲಕೋಟೆಯವರು ಹೇಳಿದ ಎಚ್ಚರಿಕೆ ಸಾಲುಸಾಲಾಗಿ ಬಂದು ಕೂತಿದೆ. ಇನ್ನೊಂದು ವಿಚಿತ್ರವನ್ನೂ ಗಮನಿಸಿದೆ: ದೃಢೀಕರಣಕ್ಕೆ ಕಾದಿರುವ ವಹಿವಾಟುಗಳ ಪಟ್ಟಿ ನಮ್ಮ ನೋಡ್‌ನಲ್ಲಿ ಬಹಳ ಚಿಕ್ಕದು. ಎಕ್ಸ್‌ಪ್ಲೋರರ್‌ನಲ್ಲಿ ಕಾಣುವ ಹೆಚ್ಚಿನ ವಹಿವಾಟುಗಳು ನಮ್ಮಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದೇ ಬ್ಲಾಕ್ ಬಂದ ಮೇಲೆ. ಇದೂ ಅದೇ ಕಾರಣದಿಂದಲೇ? ಮತ್ತು ದತ್ತಾಂಶದ ಮೇಲೆಯೇ ಹೊಸ ಆವೃತ್ತಿ ಹಾಕುವ ನನ್ನ ಮೂರನೆಯ ಪ್ರಶ್ನೆ ಹಾಗೆಯೇ ಉಳಿದಿದೆ.

ಉತ್ತರ: ಮಂಜೇಶ್ವರದ ಓದುಗ

ಮಾಸ್ತರರೇ, ನೀವು ಗಮನಿಸಿದ್ದು ಸರಿಯಾದದ್ದೇ, ಆದರೆ ಕಾರಣ ಸ್ವಲ್ಪ ಬೇರೆ. ಬ್ಲಾಕ್ ಒಪ್ಪುವ ನಿಯಮ ಒಂದು, ಬಿಡಿ ವಹಿವಾಟನ್ನು ತನ್ನ ಮೆಂಪೂಲ್‌ಗೆ, ಅಂದರೆ ನೀವು ಹೇಳಿದ ಕಾದಿರುವವುಗಳ ಪಟ್ಟಿಗೆ, ಸೇರಿಸಿಕೊಂಡು ಪಕ್ಕದವರಿಗೆ ದಾಟಿಸುವ ಪದ್ಧತಿ ಇನ್ನೊಂದು. ಎರಡನೆಯದು ಬೇಕೆಂದೇ ಬಿಗಿಯಾಗಿದೆ. ತನಗೆ ಅರ್ಥವಾಗದ ಬಗೆಯ ಉತ್ಪನ್ನವನ್ನು ಖರ್ಚು ಮಾಡುವ ವಹಿವಾಟನ್ನು ಹಳೆಯ ನೋಡ್ ಬ್ಲಾಕ್‌ನೊಳಗೆ ಬಂದರೆ ಒಪ್ಪುತ್ತದೆ, ಬಿಡಿಯಾಗಿ ಬಂದರೆ ಒಪ್ಪುವುದಿಲ್ಲ. ಈ ವ್ಯತ್ಯಾಸ ಇಲ್ಲದಿದ್ದರೆ ಸಾಫ್ಟ್ ಫೋರ್ಕ್ ಅಪಾಯಕಾರಿಯಾಗುತ್ತಿತ್ತು: ಹಳೆಯ ತಂತ್ರಾಂಶದ ಮೈನರ್ ಒಬ್ಬರಿಗೆ ಯಾರೋ ಸಹಿಯಿಲ್ಲದ ಕಳ್ಳ ವಹಿವಾಟು ಕಳಿಸಿ, ಅವರು ಅರಿಯದೆ ಅದನ್ನು ಬ್ಲಾಕ್‌ಗೆ ಹಾಕಿ, ತಮ್ಮ ಶ್ರಮವನ್ನು ಕಳೆದುಕೊಳ್ಳುತ್ತಿದ್ದರು. ಇದರ ಒಂದು ಅಡ್ಡ ಪರಿಣಾಮವೆಂದರೆ, ನಿಮ್ಮ ನೋಡ್ ಹೇಳುವ ಶುಲ್ಕದ ಅಂದಾಜನ್ನು ಸ್ವಲ್ಪವೂ ನಂಬಬಾರದು. ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಅದಕ್ಕೆ ಕಾಣುವುದೇ ಇಲ್ಲ.

ಸಂಪರ್ಕದ ಮಟ್ಟದಲ್ಲಿ ಬಿಟ್‌ಕಾಯಿನ್ ಧಾರಾಳಿ. ಎರಡು ನೋಡ್‌ಗಳು ಸೇರಿದಾಗ ಮೊದಲು ತಮ್ಮ ಸಂವಹನ ಭಾಷೆಯ ಆವೃತ್ತಿಯನ್ನೂ ಒದಗಿಸುವ ಸೇವೆಗಳನ್ನೂ ಹೇಳುತ್ತವೆ. ನಿಮ್ಮದು 70012 ಎನ್ನುತ್ತದೆ, ಇತ್ತೀಚಿನವು 70016 ಎನ್ನುತ್ತವೆ. ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿ ಮಾತು ನಡೆಯುತ್ತದೆ, ಅರ್ಥವಾಗದ ಸಂದೇಶವನ್ನು ಮೌನವಾಗಿ ಬಿಟ್ಟುಬಿಡುತ್ತಾರೆ. 2024ರ 27.0 ಆವೃತ್ತಿಯಿಂದ ಗೂಢಲಿಪಿಯ ಸಂಪರ್ಕವೇ ರೂಢಿಯಾಗಿದ್ದರೂ, ಎದುರಿನವರು ಹಳಬರೆಂದು ಕಂಡರೆ ಹೊಸ ನೋಡ್ ಹಳೆಯ ತೆರೆದ ಸಂಪರ್ಕಕ್ಕೇ ಇಳಿಯುತ್ತದೆ. ಒಮ್ಮತದ ನಿಯಮಗಳಂತೆ (ಯಾವ ಬ್ಲಾಕ್ ಸರಿಯೆಂದು ಹೇಳುವ ನಿಯಮಗಳಂತೆ) ಇವಕ್ಕೆ ಎಲ್ಲರೂ ಒಂದೇ ದಿನ ಒಪ್ಪಬೇಕಾದ ಅಗತ್ಯವಿಲ್ಲ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಹಳೆಯ ದತ್ತಾಂಶದ ಮೇಲೆ ಹೊಸದನ್ನು ಹಾಕಲು ಹೋಗಬೇಡಿ, ಉಳಿತಾಯವೇನೂ ಇಲ್ಲ. ನಿಮ್ಮ ಡಿಸ್ಕ್‌ನಲ್ಲಿ 481,824ರ ನಂತರದ ಬ್ಲಾಕ್‌ಗಳೆಲ್ಲವೂ ಸಾಕ್ಷ್ಯ ಕಿತ್ತ ರೂಪದಲ್ಲಿವೆ. ಹೊಸ ನೋಡ್‌ಗೆ ಆ ಸಾಕ್ಷ್ಯ ಬೇಕೇ ಬೇಕು, ಆದುದರಿಂದ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಇಳಿಸಿಕೊಳ್ಳಲೇಬೇಕು. ಇದರ ಮೇಲೆ, ಖರ್ಚಾಗದ ಹಣದ ಪಟ್ಟಿಯನ್ನು ಇಡುವ ಕ್ರಮ 0.15ರಲ್ಲಿ ಬದಲಾಗಿದೆ, ಅದಕ್ಕಿಂತ ಹಿಂದಿನ ಕ್ರಮವನ್ನು ಈಗಿನ ಆವೃತ್ತಿಗಳು ಪರಿವರ್ತಿಸುವುದಿಲ್ಲ. ಬೇರೆ ಫೋಲ್ಡರ್‌ನಲ್ಲಿ ಮೊದಲಿನಿಂದಲೇ ಇಳಿಸಿಕೊಳ್ಳುವುದು ಸುಲಭ. ಜಾಗ ಕಡಿಮೆಯಿದ್ದರೆ ಪ್ರೂನ್ ಆಯ್ಕೆಯಲ್ಲಿ, ಪರಿಶೀಲಿಸಿದ ಹಳೆಯ ಬ್ಲಾಕ್‌ಗಳನ್ನು ಅಳಿಸುತ್ತ ಹೋಗುವಂತೆ ಮಾಡಿ.

ವ್ಯಾಲೆಟ್ ಕಡತದ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಹಿಂದಿನವರು ಇಟ್ಟ ಕಡತ ಅಲ್ಲಿದ್ದರೆ, ಖಾಲಿಯೆಂದು ನೀವು ಭಾವಿಸಿದರೂ, ಮೊದಲು ಪ್ರತಿ ತೆಗೆದಿಡಿ. ಬರ್ಕ್ಲಿ ಡಿಬಿಯ ಹಳೆಯ ವ್ಯಾಲೆಟ್‌ಗಳನ್ನು ನೇರವಾಗಿ ತೆರೆಯುವ ಸೌಲಭ್ಯವನ್ನು 2025ರ ಅಕ್ಟೋಬರ್‌ನ 30.0 ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ. ವಲಸೆಯ ಆದೇಶದ ಮೂಲಕ ಹೊಸ ರೂಪಕ್ಕೆ ತರಬಹುದು. ಜಾಲದ ನಿಯಮ ಹದಿನೈದು ವರ್ಷದ ಹಿಂದಿನ ಹಣವನ್ನು ಇಂದಿಗೂ ಮಾನ್ಯ ಮಾಡುತ್ತದೆ, ಅದರ ಕೀಲಿ ಇಟ್ಟ ಪೆಟ್ಟಿಗೆಯನ್ನು ತೆರೆಯಲು ಮಾತ್ರ ಕಸರತ್ತು ಬೇಕು. ಜನರು ಹಣ ಕಳೆದುಕೊಳ್ಳುವುದು ಫೋರ್ಕ್‌ಗಳಿಗಿಂತ ಹೆಚ್ಚಾಗಿ ಇಂಥಲ್ಲಿ.

ಹಳೆಯದೆಲ್ಲ ಕೆಟ್ಟದ್ದೆಂದೇನೂ ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದ, ಒಂದೇ ಹಣವನ್ನು ಒಂದೇ ವಹಿವಾಟಿನಲ್ಲಿ ಎರಡು ಸಲ ಸೇರಿಸಲು ಬಿಡುತ್ತಿದ್ದ ಭಾರಿ ದೋಷ 0.14ರಿಂದ ಈಚೆಗೆ ಹೊಕ್ಕದ್ದು, ನಿಮ್ಮ 0.12.1ರಲ್ಲಿ ಅದು ಇರಲೇ ಇಲ್ಲ. ಆದರೆ 0.21ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿದ್ದ ಹತ್ತು ದೋಷಗಳ ವಿವರವನ್ನು 2024ರ ಜುಲೈಯಲ್ಲಿ ಬಿಟ್‌ಕಾಯಿನ್ ಕೋರ್ ಯೋಜನೆಯವರೇ ಪ್ರಕಟಿಸಿದ್ದಾರೆ. ದೂರದಿಂದಲೇ ನೋಡನ್ನು ಉರುಳಿಸುವ ಬಗೆಗಳು ಅವುಗಳಲ್ಲಿವೆ. ಕಾಲೇಜಿನ ಜಾಲದೊಳಗೆ ಅಂಥ ಯಂತ್ರವನ್ನು ಹೊರಗಿನ ಸಂಪರ್ಕಕ್ಕೆ ತೆರೆದಿಡುವುದು ಒಳ್ಳೆಯದಲ್ಲ. ಒಮ್ಮತದ ಹೊಂದಾಣಿಕೆ ಇದ್ದ ಮಾತ್ರಕ್ಕೆ ಹಳೆಯದನ್ನು ಓಡಿಸುತ್ತಿರಬಹುದು ಎಂಬ ವಾದ ಇಲ್ಲಿಗೆ ನಿಲ್ಲುತ್ತದೆ.

ಪಾಠಕ್ಕೆ ಅದನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ರೆಗ್‌ಟೆಸ್ಟ್ ಎಂಬ ಖಾಸಗಿ ಪ್ರಯೋಗಜಾಲವಿದೆ. ಒಂದೇ ಮೇಜಿನ ಮೇಲೆ ಹಳೆಯ ಆವೃತ್ತಿಯನ್ನೂ ಹೊಸದನ್ನೂ ಓಡಿಸಿ, ಹಳೆಯದರಿಂದ ಹೊಸದಕ್ಕೆ ಸಂಪರ್ಕ ಕೊಡಿ. ಹೊಸದರಲ್ಲಿ ಸೆಗ್‌ವಿಟ್ ವಿಳಾಸಕ್ಕೆ ಹಣ ಕಳಿಸಿ, ಖರ್ಚು ಮಾಡಿ, ಬ್ಲಾಕ್ ಹೊರಡಿಸಿ. ಎರಡರಲ್ಲಿಯೂ ಒಂದೇ ಹ್ಯಾಶ್, ಬೇರೆ ಬೇರೆ ಗಾತ್ರ ಕಾಣುತ್ತದೆ. ಆಮೇಲೆ ಹೊಸದರ ಮೂಲಸಂಕೇತದಲ್ಲಿ ಬ್ಲಾಕ್ ಮಿತಿಯ ಸ್ಥಿರಾಂಕಗಳನ್ನು ಹೆಚ್ಚಿಸಿ ಕಂಪೈಲ್ ಮಾಡಿ, ದೊಡ್ಡದೊಂದು ಬ್ಲಾಕ್ ಹೊರಡಿಸಿದರೆ ಹಳೆಯದು ಅಲ್ಲಿಯೇ ನಿಲ್ಲುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು. 2017ರ ಆಗಸ್ಟ್ 1ರಂದು 8 ಎಂಬಿ ಮಿತಿಯೊಂದಿಗೆ ಬಿಟ್‌ಕಾಯಿನ್ ಕ್ಯಾಶ್ ಬೇರೆಯಾದದ್ದೂ ಈ ರೀತಿಯ ಬದಲಾವಣೆಯಿಂದಲೇ.

ಉತ್ತರ: ಹೊಸೂರಿನವನು

ಅಕ್ಕಲಕೋಟೆಯವರ ತಕರಾರಿನಲ್ಲಿ ಹುರುಳಿದೆ. ಸಂಪರ್ಕ ಉಳಿಯುವುದನ್ನೇ ನಾನು ತೂಗಿ ನೋಡಿದ್ದೆ. ಆದರೂ ಇಥೀರಿಯಂ ಹಾರ್ಡ್ ಫೋರ್ಕನ್ನು ಪ್ರಾಮಾಣಿಕತೆಗಾಗಿ ಆರಿಸಿಕೊಂಡಿತೆಂಬ ಭಾವನೆ ಬರಬಾರದು. ಅದಕ್ಕೆ ಬೇರೆ ದಾರಿ ಹೆಚ್ಚುಕಡಿಮೆ ಇಲ್ಲ, ಮತ್ತು ಅದರ ಕಾರಣ ಬ್ಲಾಕ್‌ನ ತಲೆಬರಹದಲ್ಲಿದೆ.

ಬಿಟ್‌ಕಾಯಿನ್‌ನ ತಲೆಬರಹ ವಹಿವಾಟುಗಳ ಹ್ಯಾಶನ್ನು ಮಾತ್ರ ಹೊತ್ತಿರುತ್ತದೆ. ಅವುಗಳಿಂದ ಉಂಟಾದ ಖಾತೆಯ ಸ್ಥಿತಿಯನ್ನು ಹೊತ್ತಿರುವುದಿಲ್ಲ. ಹಾಗಾಗಿ ಒಂದೇ ಸಾಲಿಗೆ ಹಳಬರು ಒಂದರ್ಥ, ಹೊಸಬರು ಇನ್ನೊಂದರ್ಥ ಇಟ್ಟುಕೊಂಡು ಇಬ್ಬರೂ ಒಂದೇ ಹ್ಯಾಶ್‌ನಲ್ಲಿ ಸೇರುವುದು ಸಾಧ್ಯವಾಗುತ್ತದೆ. ಇಥೀರಿಯಂನ ತಲೆಬರಹದಲ್ಲಿ ಸ್ಥಿತಿಯ ಬೇರು, ಅಂದರೆ ಆ ಬ್ಲಾಕ್ ಮುಗಿದ ಮೇಲೆ ಎಲ್ಲ ಖಾತೆಗಳ ಮೊತ್ತ ಮತ್ತು ಎಲ್ಲ ಒಪ್ಪಂದಗಳ (ಸರಪಳಿಯ ಮೇಲೆ ಇಟ್ಟ ಪ್ರೋಗ್ರಾಂಗಳ) ದತ್ತಾಂಶದ ಹ್ಯಾಶ್ ಇದೆ. ಪ್ರತಿ ನೋಡ್ ವಹಿವಾಟುಗಳನ್ನು ತಾನೇ ನಡೆಸಿ ಅದನ್ನು ಲೆಕ್ಕ ಹಾಕಿ ತಾಳೆ ನೋಡುತ್ತದೆ. 2019ರ ಡಿಸೆಂಬರ್‌ನ ಇಸ್ತಾಂಬುಲ್ ಫೋರ್ಕ್‌ನಲ್ಲಿ, ಸಂಗ್ರಹದಿಂದ ಓದುವ ಒಂದು ಆದೇಶದ ಗ್ಯಾಸ್ (ಶುಲ್ಕ ಎಣಿಸುವ ಏಕಮಾನ) ಬೆಲೆಯನ್ನು 200ರಿಂದ 800ಕ್ಕೆ ಏರಿಸಿದರು. ಕೇಳಿದರೆ ಬಿಗಿಗೊಳಿಸಿದಂತೆಯೇ ಇದೆ. ಆದರೆ ಹಳೆಯ ನೋಡ್ ಅದೇ ವಹಿವಾಟಿಗೆ ಕಡಿಮೆ ಶುಲ್ಕ ಕಳೆಯುತ್ತದೆ, ಕಳಿಸಿದವರ ಖಾತೆಯಲ್ಲಿ ಉಳಿಯುವ ಮೊತ್ತ ಬೇರೆಯಾಗುತ್ತದೆ, ಬೇರು ತಾಳೆಯಾಗುವುದಿಲ್ಲ, ಬ್ಲಾಕ್ ತಿರಸ್ಕೃತವಾಗುತ್ತದೆ. ಅದೇ ಬದಲಾವಣೆಯಿಂದ, 2,300 ಗ್ಯಾಸ್‌ನೊಳಗೆ ಕೆಲಸ ಮುಗಿಯುತ್ತದೆಯೆಂದು ನಂಬಿ ಮೊದಲೇ ಬರೆದಿಟ್ಟಿದ್ದ ಕೆಲವು ಒಪ್ಪಂದಗಳು ಹಣ ಸ್ವೀಕರಿಸಲಾರದೆ ಹೋದವು. ನೋಡ್ ತಂತ್ರಾಂಶವನ್ನು ಹೊಸದಾಗಿಸಬಹುದು, ಸರಪಳಿಯ ಮೇಲೆ ಬರೆದಿಟ್ಟ ಒಪ್ಪಂದವನ್ನು ತಿದ್ದಲಾಗದು. ಆ ಹೊಂದಾಣಿಕೆಯ ಹೊಣೆ ಇನ್ನೂ ಭಾರವಾದದ್ದು.

ಉಪನ್ಯಾಸಕರೇ, ನಿಮ್ಮ ಗೆತ್ ಬಗ್ಗೆ ಒಂದು ಮಾತು. ಅದನ್ನು ಹೊಸದಾಗಿಸಿದರೂ ಒಂದರಿಂದಲೇ ಕೆಲಸ ನಡೆಯದು. 2022ರ ಸೆಪ್ಟೆಂಬರ್ 15ರ ಮರ್ಜ್ (ಇಥೀರಿಯಂ ಮೈನಿಂಗ್ ಬಿಟ್ಟ ಬದಲಾವಣೆ) ನಂತರ, ತುದಿ ಯಾವುದೆಂದು ಹೇಳಲು ಒಮ್ಮತದ ತಂತ್ರಾಂಶವೊಂದು, ಉದಾಹರಣೆಗೆ ಲೈಟ್‌ಹೌಸ್ ಅಥವಾ ಪ್ರಿಸಂ, ಜತೆಯಲ್ಲಿ ಓಡಬೇಕು. ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಬೇಕು. ಹೊಸ ಬಿಟ್‌ಕಾಯಿನ್ ನೋಡ್ ಹಾಕುವಾಗ ಇನ್ನೊಂದನ್ನು ಗಮನಿಸಿ: ತಯಾರಕರು ಗುರುತಿಸಿದ ಒಂದು ಬ್ಲಾಕ್‌ನವರೆಗಿನ ಸಹಿಗಳನ್ನು ಅದು ಮೊದಲ ಸಲ ಇಳಿಸಿಕೊಳ್ಳುವಾಗ ಪರಿಶೀಲಿಸದೆ ಬಿಡುತ್ತದೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಪೂರ್ಣ ಉತ್ತರ ಬೇಕಾದರೆ ಅಸ್ಯೂಮ್‌ವ್ಯಾಲಿಡ್ ಆಯ್ಕೆಯನ್ನು ಸೊನ್ನೆ ಮಾಡಿ ಓಡಿಸಿ. ಹಳೆಯ ಯಂತ್ರದಲ್ಲಿ ಅದಕ್ಕೆ ಬಹಳ ದಿನ ಹಿಡಿಯುತ್ತದೆ, ಹಾಗಾಗಿ ರಜೆಯಲ್ಲಿ ಯುಪಿಎಸ್ ಸಮೇತ ಹಚ್ಚಿಡುವುದು ಒಳ್ಳೆಯದು.